ಸಾಲವಿಲ್ಲದ ಪ್ರವಾಸ

(ಮಹಿಳಾ ಸ್ವಸಹಾಯ ಸಂಘಗಳ ತಾಲೂಕು ಒಕ್ಕೂಟದ ಸಭೆಯಲ್ಲಿ ನಮ್ಮ ಸಂಸ್ಥೆಯ ಕಾರ್ಯಕರ್ತರ ಪರವಾಗಿ ನೀಡಿದ ಭಾಷಣದ ಬರಹ ರೂಪ)



ಈ ಸಭೆಗಳಲ್ಲಿ ನಾವು ಇದುವರೆಗೆ ಉಳಿತಾಯ, ಸಾಲ ಮರುಪಾವತಿ, ಎರೆಹುಳು ಗೊಬ್ಬರ, ಕೈತೋಟ, ರಕ್ತಹೀನತೆ ಇಂಥ ವಿಷಯಗಳನ್ನೇ ಮಾತಾಡಿದ್ದೇವೆ. ಇವತ್ತಿನ ವಿಷಯ ಪ್ರವಾಸ. ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ನಗ್ತಾ ಇದ್ದೀರಿ. ‘ನಮ್ಮಂಥೋರಿಗೆ ಎಂಥಾ ಪ್ರವಾಸ, ತವರುಮನೆ ಜಾತ್ರೆಗೆ ಹೋಗಿ ಬಂದ್ರೆ ಅದೇ ಪ್ರವಾಸ’ ಅಂತ ನಿಮ್ಮ ನಗುವಿನ ಅರ್ಥ. ಆದರೆ ನಿಮ್ಮ ಸಂಘಗಳ ಪುಸ್ತಕಗಳನ್ನು ನೋಡುವವರು ನಾವು. ಏಪ್ರಿಲ್, ಮೇ ತಿಂಗಳ ಪುಟಗಳಲ್ಲಿ ಆಂತರಿಕ ಸಾಲದ ಉದ್ದೇಶ ಅನ್ನುವ ಕಾಲಂನಲ್ಲಿ ‘ಇತರೆ’ ಅಂತ ಬರೆದಿರುತ್ತದೆ. ಈ ಇತರೆ ಏನಮ್ಮಾ ಅಂತ ಕೇಳಿದರೆ ಮೆಲ್ಲಗೆ ಉತ್ತರ ಬರುತ್ತದೆ: ಮಕ್ಕಳು ಹಟ ಮಾಡಿದ್ರು, ಮೈಸೂರಿಗೆ ಹೋಗಿ ಬಂದ್ವಿ. ಇನ್ನು ಕೆಲವರು ಸಂಘದಲ್ಲಿ ಕೇಳಲು ನಾಚಿಕೆಪಟ್ಟು ಹೊರಗೆ ಬಡ್ಡಿಗೆ ತರುತ್ತಾರೆ.

ಹೋಗಿದ್ದು ತಪ್ಪು ಅಂತ ನಾವು ಹೇಳುವುದಿಲ್ಲ. ವರ್ಷವಿಡೀ ಕೂಲಿ, ಹಟ್ಟಿ, ಒಲೆ, ನಲ್ಲಿ ಅಂತ ದುಡಿಯುವ ಹೆಂಗಸಿಗೆ ಎರಡು ದಿನ ಬೇರೆ ಗಾಳಿ ಬೇಕು. ಮಕ್ಕಳಿಗೂ ಬೇಕು. ರಜೆ ಮುಗಿದು ಶಾಲೆ ತೆರೆದಾಗ ‘ನೀನು ಎಲ್ಲಿಗೆ ಹೋಗಿದ್ದೆ’ ಅನ್ನುವ ಪ್ರಶ್ನೆಗೆ ತಲೆ ತಗ್ಗಿಸುವ ಮಗುವನ್ನು ನೀವೂ ನೋಡಿದ್ದೀರಿ. ಆದರೆ ಎರಡು ದಿನದ ಖುಷಿಗೆ ಹತ್ತು ತಿಂಗಳು ಕಂತು ಕಟ್ಟುವುದು ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ. ಪ್ರವಾಸದ ದುಡ್ಡು ಪ್ರವಾಸಕ್ಕೆ ಮೊದಲೇ ಕೂಡಿರಬೇಕು. ಇವತ್ತು ನಾವು ಹೇಳೋಕೆ ಬಂದಿರೋದು ಇಷ್ಟೇ, ಉಳಿದದ್ದೆಲ್ಲ ಅದಕ್ಕೆ ದಾರಿ.

ಮೊದಲು ಸಾಲದ ಲೆಕ್ಕ ನೋಡೋಣ. ಪ್ರವಾಸಕ್ಕೆ 5,000 ರೂಪಾಯಿ ಹೊರಗಿನಿಂದ ನೂರಕ್ಕೆ ಐದರ ಬಡ್ಡಿಗೆ ತಂದಿರಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ ಬಡ್ಡಿ 250. ಅಸಲು ಮುಟ್ಟದೆ ಹತ್ತು ತಿಂಗಳು ಬಡ್ಡಿ ಮಾತ್ರ ಕಟ್ಟಿದರೆ 2,500 ಹೋಯಿತು, ಅಸಲು ಹಾಗೇ ಕೂತಿದೆ. ನಮ್ಮ ಸಂಘದಲ್ಲೇ ನೂರಕ್ಕೆ ಎರಡರಂತೆ ತೆಗೆದು ತಿಂಗಳಿಗೆ 500 ಅಸಲು ತೀರಿಸುತ್ತಾ ಬಂದರೆ ಹತ್ತು ತಿಂಗಳಿಗೆ ಒಟ್ಟು ಬಡ್ಡಿ 550. ಇದು ಪರವಾಗಿಲ್ಲ, ಬಡ್ಡಿ ನಮ್ಮ ಸಂಘಕ್ಕೇ ತಾನೆ ಬರೋದು ಅಂತ ಕೆಲವರು ಹೇಳ್ತೀರಿ. ನಿಜ. ಆದರೆ ಮೇ ತಿಂಗಳಲ್ಲಿ ಸಂಘದ ನಿಧಿಯೆಲ್ಲ ಪ್ರವಾಸಕ್ಕೆ ಹೊರಟರೆ ಜೂನ್ ತಿಂಗಳಲ್ಲಿ ಶಾಲೆ ಫೀಸು, ಬಿತ್ತನೆ ಬೀಜ ಅಂತ ಬರುವ ಸದಸ್ಯೆಗೆ ಏನು ಕೊಡುತ್ತೀರಿ? ಅವಳು ಕಿರುಸಾಲದ ಕಂಪನಿಯ ಬಾಗಿಲಿಗೆ ಹೋಗುತ್ತಾಳೆ. ಆ ವಸೂಲಿಯ ಕಾಟ ಯಾವ ಮಟ್ಟಕ್ಕೆ ಹೋಗಿತ್ತು ಅನ್ನುವುದಕ್ಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅನ್ನುವುದೇ ಸಾಕ್ಷಿ. ಆದ್ದರಿಂದ ಪ್ರವಾಸಕ್ಕೆ ಸಾಲ ಬೇಡ, ಸಂಘದ ಸಾಲವೂ ಬೇಡ.

ಹಾಗಾದರೆ ಎಷ್ಟು ದುಡ್ಡು ಬೇಕು? ಒಂದು ಮನೆಯನ್ನು ಎದುರಿಗೆ ಇಟ್ಟುಕೊಂಡು ಲೆಕ್ಕ ಹಾಕೋಣ. ಗಂಡ, ಹೆಂಡತಿ, ಅತ್ತೆ, 13 ವರ್ಷದ ಮಗ, 9 ವರ್ಷದ ಮಗಳು, ಒಟ್ಟು ಐದು ಜನ. ಹಾಸನದ ಹತ್ತಿರದ ಹಳ್ಳಿಯಿಂದ ಮೈಸೂರಿಗೆ ಹೋಗಿ ಒಂದು ರಾತ್ರಿ ಉಳಿದು ಮರುದಿನ ವಾಪಸ್. ಇಲ್ಲಿ ಹೇಳುವ ದರಗಳು ಅಂದಾಜು, ನಿಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

ಬಸ್ಸಿನಿಂದ ಶುರು ಮಾಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಈ ಮನೆಯ ಮೂವರಿಗೆ, ಅಂದರೆ ಹೆಂಡತಿ, ಅತ್ತೆ, ಮಗಳಿಗೆ ಟಿಕೆಟ್ ಇಲ್ಲ. ಗಂಡನಿಗೆ ಪೂರ್ತಿ ಟಿಕೆಟ್. ಮಗನಿಗೆ 12 ದಾಟಿದೆ, ಅವನಿಗೂ ಪೂರ್ತಿ. ಹಳ್ಳಿಯಿಂದ ಹಾಸನಕ್ಕೆ 30, ಹಾಸನದಿಂದ ಮೈಸೂರಿಗೆ 160 ಅಂತ ಇಟ್ಟರೆ ಇಬ್ಬರಿಗೆ ಹೋಗಿ ಬರಲು 760 ರೂಪಾಯಿ. ರೂಮಿಗೆ 1,200. ಮೊದಲ ದಿನದ ಬೆಳಗ್ಗೆ ಮಧ್ಯಾಹ್ನ ಬುತ್ತಿ, ಆಮೇಲೆ ಒಂದು ರಾತ್ರಿ ಊಟ, ಮರುದಿನ ತಿಂಡಿ, ಊಟ, ಕಾಫಿ, ಎಲ್ಲಾ ಸೇರಿ 1,250. ಅರಮನೆ, ಮೃಗಾಲಯದ ಪ್ರವೇಶಕ್ಕೆ 800. ಊರೊಳಗಿನ ಬಸ್ಸಿಗೆ ಗಂಡಸರದ್ದು 100. ಮಕ್ಕಳ ಕೈಗೆ ಇನ್ನೂರು ಇನ್ನೂರು, 400. ತುರ್ತಿಗೆ ಅಂತ ಮುಟ್ಟದೆ ಇಡುವುದು 500. ಒಟ್ಟು 5,010.

ಐದು ಸಾವಿರ ಅಂದ ಕೂಡಲೇ ಗಾಬರಿಯಾಗಬೇಡಿ. ಜೂನ್ ಮೊದಲ ವಾರದಿಂದ ಮಾರ್ಚ್ ಕೊನೆಯ ತನಕ 42 ವಾರ ಸಿಗುತ್ತದೆ. ವಾರಕ್ಕೆ 120ರಂತೆ ಹಾಕಿದರೆ 5,040 ಆಗುತ್ತದೆ. ಅಷ್ಟು ಆಗದವರು ವಾರಕ್ಕೆ 50 ಹಾಕಲಿ, 2,100 ಕೂಡುತ್ತದೆ. ಅದರಲ್ಲಿ ರಾತ್ರಿ ಉಳಿಯದೆ ಒಂದು ದಿನದ ಪ್ರವಾಸ ಚೆನ್ನಾಗಿ ಮಾಡಬಹುದು, ಮಿಕ್ಕಿದರೂ ಮಿಗಬಹುದು. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಶಾಲೆಗೆ ರಜೆ ಬರುತ್ತದೆ, ದುಡ್ಡೂ ಸಿದ್ಧವಿರುತ್ತದೆ.

ಈ ಹಣವನ್ನು ಎಲ್ಲಿ ಇಡಬೇಕು ಅನ್ನುವುದು ಮುಖ್ಯ. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಆಗಸ್ಟ್ ತಿಂಗಳ ಹಬ್ಬಕ್ಕೆ ಕರಗುತ್ತದೆ. ಸಂಘದ ಸಾಮಾನ್ಯ ಉಳಿತಾಯಕ್ಕೆ ಸೇರಿಸಿದರೆ ಬೇಕಾದಾಗ ತೆಗೆಯೋಕೆ ಬರುವುದಿಲ್ಲ. ಅಂಚೆ ಕಚೇರಿಯ ಆರ್.ಡಿ. ಒಳ್ಳೆಯದೇ, ಆದರೆ ಅದು ಐದು ವರ್ಷದ್ದು, ಈ ಕೆಲಸಕ್ಕೆ ಹೊಂದುವುದಿಲ್ಲ. ಬ್ಯಾಂಕಿನಲ್ಲಿ ಒಂದು ವರ್ಷದ ಆರ್.ಡಿ. ಮಾಡುವವರು ಮಾಡಬಹುದು. ನಮ್ಮ ಸಲಹೆ ಏನೆಂದರೆ ಸಂಘದ ಪುಸ್ತಕದಲ್ಲೇ ‘ಪ್ರವಾಸ ಉಳಿತಾಯ’ ಅಂತ ಬೇರೆ ಕಾಲಂ ಹಾಕಿ, ನಡವಳಿ ಪುಸ್ತಕದಲ್ಲಿ ನಿರ್ಣಯ ಬರೆದು ಎಲ್ಲರ ಸಹಿ ತೆಗೆದುಕೊಂಡು, ಸಂಘದ ಬ್ಯಾಂಕ್ ಖಾತೆಗೇ ಕಟ್ಟುವುದು. ಈ ಕಾಲಂನ ಹಣವನ್ನು ಬೇರೆ ಸದಸ್ಯೆಗೆ ಸಾಲ ಕೊಡಬಾರದು. ಯಾರಿಗಾದರೂ ಮನೆಯಲ್ಲಿ ಕಾಯಿಲೆ ಬಂದರೆ ಅವರ ಹಣ ಅವರಿಗೆ ದಂಡವಿಲ್ಲದೆ ವಾಪಸ್ ಕೊಡಬೇಕು. ಕಟ್ಟದ ವಾರಕ್ಕೂ ದಂಡ ಬೇಡ. ದಂಡ ಹಾಕಿದರೆ ಪ್ರವಾಸವೂ ಒಂದು ಸಾಲದ ಹಾಗೆ ಆಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ತಿಂಗಳು ತಿಂಗಳು ದುಡ್ಡು ಕಟ್ಟಿ, ವರ್ಷದ ಕೊನೆಗೆ ದೂರದ ಪುಣ್ಯಕ್ಷೇತ್ರ ತೋರಿಸ್ತೀವಿ ಅಂತ ಹಳ್ಳಿಗೆ ಬರುವ ಏಜೆಂಟರಿದ್ದಾರೆ. ಮುದ್ರಿತ ರಸೀದಿ, ಕಚೇರಿ ವಿಳಾಸ ಇಲ್ಲದವರ ಕೈಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಈಗ ಶಕ್ತಿ ಯೋಜನೆಯ ಬಗ್ಗೆ ಸ್ವಲ್ಪ ವಿವರ, ಯಾಕೆಂದರೆ ಟಿಕೆಟ್ ಇಲ್ಲ ಅಂತ ಹತ್ತಿ ಆಮೇಲೆ ದಾರಿಯಲ್ಲಿ ಜಗಳ ಆಗುವುದನ್ನು ನಾವೂ ಕಂಡಿದ್ದೇವೆ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಆಧಾರ್, ಮತದಾರರ ಚೀಟಿ ಯಾವುದಾದರೂ ಆಗುತ್ತದೆ. ಕಂಡಕ್ಟರ್ ಕೊಡುವ ಶೂನ್ಯ ದರದ ಟಿಕೆಟ್ ತೆಗೆದುಕೊಂಡು ಇಳಿಯುವ ತನಕ ಇಟ್ಟುಕೊಳ್ಳಬೇಕು, ದುಡ್ಡಿಲ್ಲದ ಚೀಟಿ ತಾನೆ ಅಂತ ಎಸೆಯಬಾರದು. ನಗರ ಬಸ್, ಸಾಮಾನ್ಯ ಬಸ್, ಕೆಂಪು ಬಣ್ಣದ ವೇಗದೂತ ಬಸ್ಸುಗಳಿಗೆ ಮಾತ್ರ ಇದು. ರಾಜಹಂಸ, ಐರಾವತ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಇಲ್ಲ. ಹೊರರಾಜ್ಯಕ್ಕೆ ಹೋಗುವ ಬಸ್ಸಿಗೂ ಇಲ್ಲ. ಮೈಸೂರು ತನಕ ಬಂದೆವಲ್ಲ, ಹಾಗೇ ಊಟಿಗೂ ಹೋಗೋಣ ಅಂತ ಹೊರಟರೆ ಐದು ಜನಕ್ಕೂ ದುಡ್ಡು ಕೊಡಬೇಕಾಗುತ್ತದೆ. 2025ರ ಜನವರಿಯಲ್ಲಿ ಸರ್ಕಾರಿ ಬಸ್ ದರ ಶೇಕಡಾ 15ರಷ್ಟು ಏರಿದೆ, ಆದ್ದರಿಂದ ಗಂಡಸರ ಟಿಕೆಟ್ಟನ್ನು ಹಳೆಯ ಲೆಕ್ಕದಲ್ಲಿ ಇಟ್ಟುಕೊಳ್ಳಬೇಡಿ.

ಮನೆಯಲ್ಲಿ ಗಂಡಸರು, ಗಂಡುಮಕ್ಕಳೇ ಜಾಸ್ತಿ ಇದ್ದರೆ ರೈಲು ನೋಡಿ. ಹಾಸನದಿಂದ ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಮೈಸೂರಿಗೆ ರೈಲಿದೆ. ಕಾಯ್ದಿರಿಸದ ಬೋಗಿಯ ಟಿಕೆಟ್ ಬಸ್ಸಿಗಿಂತ ಬಹಳ ಕಡಿಮೆ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, 12ರ ಒಳಗಿನವರಿಗೆ ಆ ಬೋಗಿಯಲ್ಲಿ ಅರ್ಧ. ಹೆಣ್ಣುಮಕ್ಕಳು ಜಾಸ್ತಿ ಇರುವ ಮನೆಗೆ ಬಸ್ಸು, ಗಂಡುಮಕ್ಕಳು ಜಾಸ್ತಿ ಇರುವ ಮನೆಗೆ ರೈಲು ಅಂತ ನೆನಪಿಟ್ಟುಕೊಳ್ಳಿ. ರೈಲಿನ ಸಮಯ ಬದಲಾಗುತ್ತಾ ಇರುತ್ತದೆ, ಮುಂಚೆ ವಿಚಾರಿಸಿ.

ನಾಲ್ಕೈದು ಮನೆಯವರು ಸೇರಿ ವ್ಯಾನ್ ಮಾಡಿಕೊಂಡು ಹೋಗೋಣ ಅನ್ನುವ ಮಾತು ಎಲ್ಲಾ ಸಂಘಗಳಲ್ಲೂ ಬರುತ್ತದೆ. ನಮಗೆ ಇದು ಅಷ್ಟಾಗಿ ಹಿಡಿಸುವುದಿಲ್ಲ. ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲದ ಹೆಂಗಸರು ವ್ಯಾನಿನಲ್ಲಿ ತಲೆಗೆ ಇಷ್ಟು ಅಂತ ಕೊಡಬೇಕು. ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಕನಿಷ್ಠ ಲೆಕ್ಕ ಇರುತ್ತದೆ, ಓಡದಿದ್ದರೂ ಕೊಡಬೇಕು. ಚಾಲಕರ ಬಾಟಾ, ಟೋಲ್, ಪಾರ್ಕಿಂಗ್ ಬೇರೆ. ಅದಕ್ಕಿಂತ ದೊಡ್ಡ ಮಾತು, ವ್ಯಾನಿನ ಹಿಂದಿನ ಸೀಟಿನಲ್ಲಿ ಬಾಟಲಿ ಬರುತ್ತದೆ. ಆಮೇಲೆ ಇಡೀ ಪ್ರವಾಸ ಹೆಂಗಸರಿಗೆ ಕಣ್ಣೀರು. ಸರ್ಕಾರಿ ಬಸ್ಸಿನಲ್ಲಿ ಆ ಆಟ ನಡೆಯುವುದಿಲ್ಲ. ಆದರೂ ವಯಸ್ಸಾದವರು ಹೆಚ್ಚಿದ್ದಾರೆ, ವ್ಯಾನೇ ಬೇಕು ಅಂದರೆ ಹಳದಿ ಬೋರ್ಡಿನ ಗಾಡಿಯನ್ನೇ ಮಾಡಿ. ಪರಿಚಯದವರದ್ದು, ಕಡಿಮೆಗೆ ಬರ್ತಾರೆ ಅಂತ ಬಿಳಿ ಬೋರ್ಡಿನ ಗಾಡಿ ಮಾಡಬೇಡಿ. ಅದನ್ನು ಬಾಡಿಗೆಗೆ ಓಡಿಸುವುದೇ ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯ ಪರಿಹಾರಕ್ಕೆ ತಕರಾರು ಬರುತ್ತದೆ.

ದುಡ್ಡಿನ ಮಾತು ಇಷ್ಟಾಯಿತು. ಆದರೆ ಸಂಘಗಳಿಗೆ ಹೋಗಿ ‘ಯಾಕೆ ಎಲ್ಲಿಗೂ ಹೋಗಿಲ್ಲ’ ಅಂತ ಕೇಳಿದಾಗ ದುಡ್ಡಿಲ್ಲ ಅಂದವರಿಗಿಂತ ‘ಹಸು ಯಾರು ನೋಡ್ತಾರೆ’ ಅಂದವರೇ ಜಾಸ್ತಿ. ಹಾಲು ಹಾಕುವ ಮನೆಯಲ್ಲಿ ಬೆಳಗ್ಗೆ ಸಂಜೆ ಎರಡು ಹೊತ್ತು ಕರೆಯಬೇಕು. ಕೋಳಿ ಮುಚ್ಚಬೇಕು, ನಾಯಿಗೆ ಹಾಕಬೇಕು. ಅದಕ್ಕೇ ಪ್ರವಾಸ ಅಂದರೆ ಮನೆಯ ಒಬ್ಬ ಹೆಂಗಸು ಉಳಿಯುವುದು, ಹೆಚ್ಚಾಗಿ ನೀವೇ ಉಳಿಯುವುದು. ಗಂಡ ಮಕ್ಕಳನ್ನು ಕಳಿಸಿ ಬಾಗಿಲಲ್ಲಿ ನಿಂತು ಕೈ ಬೀಸಿದ ಸಹೋದರಿಯರು ಈ ಸಭೆಯಲ್ಲೇ ಇದ್ದೀರಿ.

ಇದಕ್ಕೆ ಪರಿಹಾರ ಸಂಘದಲ್ಲೇ ಇದೆ, ಬೇರೆ ಯಾರ ಹತ್ತಿರವೂ ಇಲ್ಲ. ಇಪ್ಪತ್ತು ಜನರ ಸಂಘದಲ್ಲಿ ಎಲ್ಲರೂ ಒಂದೇ ವಾರ ಹೋಗುವುದು ಬೇಡ. ಎರಡು ತಂಡ ಮಾಡಿಕೊಳ್ಳಿ. ಮೊದಲ ತಂಡ ಏಪ್ರಿಲ್ ಮೂರನೇ ವಾರ ಹೋಗಲಿ, ಉಳಿದವರು ಅವರ ಹಟ್ಟಿ ನೋಡಿಕೊಳ್ಳಲಿ. ಎರಡನೇ ತಂಡ ಮೇ ತಿಂಗಳಲ್ಲಿ ಹೋಗಲಿ, ಇವರು ಅವರದ್ದು ನೋಡಿಕೊಳ್ಳಲಿ. ದುಡ್ಡಿನ ಮಾತು ಬೇಡ, ಕೈಗೆ ಕೈ, ನಾಟಿಗೆ ಮುಯ್ಯಾಳು ಹೋಗುತ್ತೇವಲ್ಲ, ಹಾಗೆ. ಆ ಎರಡು ದಿನದ ಹಾಲನ್ನು ಹಸುವಿನ ಯಜಮಾನಿಯ ಹೆಸರಿಗೇ ಡೇರಿಗೆ ಹಾಕಬೇಕು.

ಹೊಸ ಕೈಗೆ ಹಸು ಸೊರ ಬಿಡುವುದಿಲ್ಲ ಅಂತ ಕೆಲವರು ಹೇಳಿದ್ದಾರೆ. ಸರಿಯಾದ ಮಾತು. ಅದಕ್ಕೆ ಹೊರಡುವ ಮುಂಚೆ ಮೂರು ನಾಲ್ಕು ದಿನ, ನೋಡಿಕೊಳ್ಳುವವರು ಬಂದು ನಿಮ್ಮ ಎದುರಿಗೇ ಕರೆಯಲಿ, ಬೂಸಾ ಕಲಸಲಿ. ಹಸುವಿಗೆ ಆ ದನಿ, ಆ ವಾಸನೆ ಗುರುತಾಗುತ್ತದೆ. ಆದರೂ ಎರಡು ದಿನ ಒಂದು ಲೀಟರ್ ಕಡಿಮೆಯಾಗಬಹುದು, ಅದನ್ನೂ ಪ್ರವಾಸದ ಖರ್ಚಿಗೆ ಸೇರಿಸಿಕೊಳ್ಳಿ. ಕರು ಹಾಕುವ ದಿನ ಹತ್ತಿರವಿರುವ ಹಸು ಇದ್ದರೆ ಮಾತ್ರ ಪ್ರವಾಸವನ್ನು ಮುಂದಕ್ಕೆ ಹಾಕಿ, ಅದನ್ನು ಬೇರೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೂಲಿಗೆ ಹೋಗುವ ಮನೆಗಳಿಗೆ ಇನ್ನೊಂದು ಖರ್ಚಿದೆ, ಯಾರೂ ಬರೆಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಎರಡು ದಿನ ಹೋಗದಿದ್ದರೆ ನಾಲ್ಕು ಕೂಲಿ ಹೋಯಿತು. ಅದಕ್ಕೇ ಭಾನುವಾರ ಸೋಮವಾರ ಇಟ್ಟುಕೊಳ್ಳಿ, ಎರಡು ಕೂಲಿ ಉಳಿಯುತ್ತದೆ. ಇನ್ನೊಂದು ಲಾಭವೂ ಇದೆ: ಶನಿವಾರ ರಾತ್ರಿ ರೂಮಿಗೆ ನೂಕುನುಗ್ಗಲು, ಭಾನುವಾರ ರಾತ್ರಿ ಅಷ್ಟಿರುವುದಿಲ್ಲ.

ಮೈಸೂರಿನ ಮಟ್ಟಿಗೆ ಭಾನುವಾರವೇ ಸರಿ. ಬೆಳಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ತಲುಪುತ್ತೀರಿ. ಸಂತ ಫಿಲೋಮಿನಾ ದೇವಾಲಯಕ್ಕೆ ಹೋಗಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲು ಹಾಕಿದರು, ಎರಡು ಗೋಪುರಗಳು 175 ಅಡಿ ಎತ್ತರ. ಹಿಂದೂ ರಾಜರು ಚರ್ಚಿಗೆ ಕಲ್ಲು ಇಟ್ಟ ಕಥೆಯನ್ನು ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ನಮ್ಮ ಕ್ರೈಸ್ತ ಸಹೋದರಿಯರು ಸಮಯ ವಿಚಾರಿಸಿಕೊಂಡರೆ ಭಾನುವಾರದ ಬಲಿಪೂಜೆಯನ್ನೂ ಅಲ್ಲೇ ಮುಗಿಸಬಹುದು. ಮಧ್ಯಾಹ್ನದ ಮೇಲೆ ಅರಮನೆ. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಸುಟ್ಟುಹೋಗಿ, ಈಗಿನದ್ದು 1912ರಲ್ಲಿ ಪೂರ್ತಿಯಾಯಿತು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳರ ಸುಮಾರಿಗೆ ಅರಮನೆಗೆ ದೀಪ ಹಾಕುತ್ತಾರೆ, ಒಂದು ಲಕ್ಷದ ಹತ್ತಿರ ಬಲ್ಬುಗಳು. ಅದನ್ನು ಹೊರಗಿನಿಂದ ನೋಡೋಕೆ ದುಡ್ಡಿಲ್ಲ. ದೀಪ ಹತ್ತುವ ಆ ಒಂದು ಕ್ಷಣಕ್ಕೆ ಮಕ್ಕಳು ‘ಹೋ’ ಅನ್ನುತ್ತಾರಲ್ಲ, ಅದಕ್ಕೇ ಭಾನುವಾರ ಹೋಗಿ ಅಂತ ನಾವು ಹೇಳುವುದು.

ಸೋಮವಾರ ಬೆಳಗ್ಗೆ ಎಂಟೂವರೆಗೆ ಮೃಗಾಲಯದ ಬಾಗಿಲಲ್ಲಿರಿ. ಬಿಸಿಲೇರಿದ ಮೇಲೆ ಪ್ರಾಣಿಗಳೂ ಮಲಗುತ್ತವೆ, ಅತ್ತೆಯವರ ಕಾಲೂ ನೋಯುತ್ತದೆ. ಮಂಗಳವಾರ ಮೃಗಾಲಯಕ್ಕೆ ವಾರದ ರಜೆ, ಆ ದಿನ ಹೋಗಿ ಗೇಟು ನೋಡಿ ಬರಬೇಡಿ. ಒಳಗೆ ತಿಂಡಿಯ ಬೆಲೆ ಜಾಸ್ತಿ, ತಿಂದೇ ಹೋಗಿ. ಮೃಗಾಲಯ, ಬೃಂದಾವನ, ಚಾಮುಂಡಿ ಬೆಟ್ಟ, ವಸ್ತುಸಂಗ್ರಹಾಲಯ ಎಲ್ಲಾ ಒಂದೇ ಸಲ ನೋಡಬೇಕು ಅಂತ ಹೊರಟವರು ಆಟೋಗೇ ಸಾವಿರ ಕೊಡುತ್ತಾರೆ, ರಾತ್ರಿ ಜಗಳ ಆಡುತ್ತಾರೆ. ದಿನಕ್ಕೆ ಎರಡು ಜಾಗ ಸಾಕು. ದಸರಾ ಸಮಯದಲ್ಲಿ ಮಾತ್ರ ಮೈಸೂರು ಬೇಡ. ರೂಮಿನ ಬೆಲೆ ಏರಿರುತ್ತದೆ, ಮಗುವಿನ ಕೈ ಬಿಟ್ಟರೆ ಹುಡುಕುವುದು ಕಷ್ಟ.

ವಾರಕ್ಕೆ 50 ಹಾಕುವವರಿಗೆ ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿದೆ. ಹಾಸನದಿಂದ ಬೇಲೂರು 40 ಕಿಲೋಮೀಟರ್ ಹತ್ತಿರ, ಅಲ್ಲಿಂದ ಹಳೇಬೀಡು 16. ಎರಡಕ್ಕೂ ಬಸ್ಸಿದೆ. ಬೇಲೂರಿನ ಗುಡಿಯನ್ನು 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ. ಈ ಎರಡನ್ನೂ ಸೋಮನಾಥಪುರವನ್ನೂ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹೊರದೇಶದವರು ವಿಮಾನ ಹತ್ತಿ ಬಂದು ನೋಡುವುದನ್ನು ನಾವು ಬಸ್ಸಿನ ಕಿಟಕಿಯಲ್ಲಿ ನೋಡಿ ಮುಂದೆ ಹೋಗುತ್ತೇವೆ. ಶ್ರವಣಬೆಳಗೊಳದ ಗೊಮ್ಮಟ ಸುಮಾರು 58 ಅಡಿ, ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಿನಲ್ಲಿ ಹತ್ತಬೇಕು. ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಕಲ್ಲು ಕಾಯುತ್ತದೆ, ಬೆಳಗ್ಗೆಯೇ ಹತ್ತಿ ಇಳಿಯಿರಿ. ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನೂ ಮರೆಯಬೇಡಿ. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದ ಈ ದೇವಾಲಯ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿತು, ಜನ ಊರು ಬಿಟ್ಟು ಬೇರೆ ಕಡೆ ನೆಲೆಸಬೇಕಾಯಿತು. ಮಳೆಗಾಲದಲ್ಲಿ ನೀರೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ನಡೆದು ಹೋಗಬಹುದು. ಗೋಡೆಗಳು ಶಿಥಿಲವಾಗಿವೆ, ಮಕ್ಕಳನ್ನು ಹತ್ತಲು ಬಿಡಬೇಡಿ, ನೀರಿಗೂ ಇಳಿಸಬೇಡಿ. ಬಸ್ಸು ಕಡಿಮೆ, ವಾಪಸ್ ಬರುವ ಬಸ್ಸಿನ ಸಮಯ ಕೇಳಿಕೊಂಡೇ ಹೋಗಿ.

ಶೃಂಗೇರಿ, ಹೊರನಾಡು, ಧರ್ಮಸ್ಥಳದ ಕಡೆ ಹೋಗುವವರಿಗೆ ಊಟದ ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಬಂದವರಿಗೆಲ್ಲ ಪ್ರಸಾದದ ಊಟ ಇದೆ. ವೇಲಾಂಕಣಿಗೆ ಹೋಗಬೇಕು ಅಂತ ಹರಕೆ ಹೊತ್ತ ಸಹೋದರಿಯರಿದ್ದಾರೆ. ಅದು ತಮಿಳುನಾಡು, ಶಕ್ತಿ ನಡೆಯುವುದಿಲ್ಲ. ಒಂದು ವರ್ಷದ ಉಳಿತಾಯದಲ್ಲಿ ಆಗುವುದಿಲ್ಲ, ಎರಡು ವರ್ಷ ಕೂಡಿಸಿ. ಆಗಸ್ಟ್ 29ರಿಂದ ಸೆಪ್ಟೆಂಬರ್ 8ರ ಹಬ್ಬದ ದಿನಗಳು ಬಿಟ್ಟು ಬೇರೆ ದಿನ ಹೋದರೆ ಖರ್ಚೂ ಕಡಿಮೆ, ನೆಮ್ಮದಿಯಾಗಿ ಪ್ರಾರ್ಥನೆಯನ್ನೂ ಮಾಡಬಹುದು. ಮಾತೆಯ ಹರಕೆಯನ್ನು ಬಡ್ಡಿ ಸಾಲದಿಂದ ತೀರಿಸುವುದು ಬೇಡ.

ಉಳಿಯುವ ಜಾಗದ ಬಗ್ಗೆ. ‘ಮೈಸೂರಲ್ಲಿ ನಮ್ಮ ನಾದಿನಿ ಇದ್ದಾಳೆ, ರೂಮು ಯಾಕೆ’ ಅಂತೀರಿ. ಹೋಗಿ, ಆದರೆ ಅದು ಪುಕ್ಕಟೆ ಅಂದುಕೊಳ್ಳಬೇಡಿ. ಹಣ್ಣು, ಸಿಹಿ, ಮಕ್ಕಳ ಕೈಗೆ ಕಾಸು ಅಂತ ಐನೂರು ಆಗುತ್ತದೆ, ಐದು ಜನಕ್ಕೆ ಬೇಯಿಸುವ ನಾದಿನಿಯೂ ನಿಮ್ಮ ಹಾಗೇ ದುಡಿಯುವ ಹೆಂಗಸು. ರೂಮು ಮಾಡುವುದಾದರೆ ಮೊದಲು ಒಳಗೆ ಹೋಗಿ ನೋಡಿ. ನೀರು ಬರುತ್ತದಾ, ಬಾಗಿಲ ಚಿಲಕ ಗಟ್ಟಿಯಿದೆಯಾ, ಬಾಡಿಗೆ 24 ಗಂಟೆಗಾ ಅಥವಾ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕಾ ಅಂತ ಕೇಳಿ. ದೊಡ್ಡವರೆಲ್ಲರ ಆಧಾರ್ ಮೂಲ ಪ್ರತಿ ಬೇಕಾಗುತ್ತದೆ. ಕೆಲವು ಊರುಗಳಲ್ಲಿ ಧರ್ಮಕೇಂದ್ರದ ಸಭಾಂಗಣ, ಛತ್ರ, ಮಠಗಳಲ್ಲಿ ಕಡಿಮೆ ದರಕ್ಕೆ ಜಾಗ ಕೊಡುತ್ತಾರೆ. ನಿಮ್ಮ ಗುರುಗಳಿಂದ ಪತ್ರ ಬೇಕಾದರೆ ತಿಂಗಳ ಮುಂಚೆ ಕೇಳಿ, ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿ ಕೇಳಬೇಡಿ.

ಊಟದ ವಿಷಯಕ್ಕೆ ಬಂದರೆ ನಿಮ್ಮ ಮೇಲೇ ನಮ್ಮ ದೂರು. ಖರ್ಚು ಉಳಿಸ್ತೀವಿ ಅಂತ ರಾತ್ರಿ ಎರಡಕ್ಕೆ ಎದ್ದು ನೂರು ಚಪಾತಿ ಒತ್ತುತ್ತೀರಿ, ಸ್ಟವ್ ಕಟ್ಟಿಕೊಂಡು ಹೋಗುತ್ತೀರಿ, ಎಲ್ಲರೂ ಕೆರೆ ನೋಡುವಾಗ ನೀವು ಮರದ ಕೆಳಗೆ ಅನ್ನ ಬಸಿಯುತ್ತೀರಿ. ಅಡುಗೆಮನೆಯನ್ನು ಹೊತ್ತುಕೊಂಡು ಹೋಗುವುದಾದರೆ ಮನೆಯಲ್ಲೇ ಇರಬಹುದಲ್ಲ! ಮೊದಲ ದಿನದ ಬುತ್ತಿ ಸಾಕು. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಬಿಸಿಲಿಗೂ ತಡೆಯುತ್ತದೆ. ತೆಂಗಿನಕಾಯಿ ಹಾಕಿದ್ದು ಬೇಡ, ಹಳಸುತ್ತದೆ. ಚಕ್ಕುಲಿ, ಅವಲಕ್ಕಿ, ಬಾಳೆಹಣ್ಣು ಇದ್ದರೆ ಮಕ್ಕಳು ಅಂಗಡಿಯ ಪ್ಯಾಕೆಟ್ ಕೇಳುವುದು ಕಡಿಮೆ. ಆಮೇಲಿನ ಊಟಕ್ಕೆ ಹೋಟೆಲಿಗೆ ಹೋಗಿ ಕೂತುಕೊಳ್ಳಿ, ಬೇರೆಯವರು ನಿಮಗೆ ಬಡಿಸಲಿ. ದೊಡ್ಡ ಊರುಗಳಲ್ಲಿ 2017ರಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್ ಸಿಕ್ಕರೆ ಇನ್ನೂ ಅಗ್ಗ. ನೀರಿನ ಕ್ಯಾನ್ ಮಾತ್ರ ಮನೆಯಿಂದಲೇ ತನ್ನಿ, ಐದು ಜನಕ್ಕೆ ಎರಡು ದಿನ ಬಾಟಲಿ ಕೊಂಡರೆ ಇನ್ನೂರು ರೂಪಾಯಿ ಹೋಗುತ್ತದೆ.

ಗಂಡಸರು ಇಲ್ಲಿ ಇಲ್ಲದಿರುವುದರಿಂದ ಇನ್ನೊಂದು ಮಾತನ್ನು ಬಿಚ್ಚಿ ಹೇಳುತ್ತೇವೆ. ದಾರಿಯಲ್ಲಿ ಶೌಚಾಲಯ ಸಿಗುವುದಿಲ್ಲ ಅಂತ ದಿನವಿಡೀ ನೀರು ಕುಡಿಯದೆ ಇರುತ್ತೀರಿ, ಊರಿಗೆ ಬಂದ ಮೇಲೆ ಉರಿಮೂತ್ರ ಅಂತ ಆಸ್ಪತ್ರೆಗೆ ಹೋಗುತ್ತೀರಿ. ಬಸ್ ನಿಲ್ದಾಣದಲ್ಲಿ ಶೌಚಾಲಯಕ್ಕೆ ಕೊಡುವ ಚಿಲ್ಲರೆಯನ್ನೂ ಖರ್ಚಿನಲ್ಲಿ ಬರೆದುಕೊಂಡು ಹೋಗಿ, ನೀರು ಕುಡಿಯಿರಿ. ದೇವಸ್ಥಾನಕ್ಕೆ ಹೋಗಬೇಕು ಅಂತ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮುಟ್ಟು ಮುಂದೂಡುವ ಮಾತ್ರೆ ನುಂಗುವವರಿದ್ದಾರೆ. ವೈದ್ಯರನ್ನು ಕೇಳದೆ ಅದನ್ನು ತೆಗೆದುಕೊಳ್ಳಬಾರದು, ಬಿ.ಪಿ. ಇರುವವರಂತೂ ಮುಟ್ಟಲೇಬಾರದು. ತಾರೀಕು ನೋಡಿ ದಿನ ಗೊತ್ತು ಮಾಡಿದರೆ ಮಾತ್ರೆಯೇ ಬೇಡ. ದಿನ ಗೊತ್ತು ಮಾಡುವಾಗ ಗಂಡಸರ ಜೊತೆ ನೀವೂ ಕೂತಿರಬೇಕು ಅನ್ನುವುದಕ್ಕೆ ಇದೂ ಒಂದು ಕಾರಣ.

ಹೊರಡುವ ದಿನ ಹಣವನ್ನು ನಾಲ್ಕು ಲಕೋಟೆಗೆ ಹಾಕಿ: ಬಸ್ಸು ರೂಮು ಒಂದು, ಊಟ ಒಂದು, ಟಿಕೆಟ್ ಮತ್ತು ಮಕ್ಕಳದ್ದು ಒಂದು, ತುರ್ತಿನದ್ದು ಒಂದು. ತುರ್ತಿನ ಲಕೋಟೆ ನಿಮ್ಮ ಹತ್ತಿರವೇ ಇರಲಿ, ಯಜಮಾನರ ಜೇಬಿನಲ್ಲಿ ಬೇಡ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕೊಡುವುದು ಸುಲಭ, ಆದರೆ ದುಡ್ಡು ಹೋಗಿದ್ದು ಕೈಗೆ ಗೊತ್ತಾಗುವುದಿಲ್ಲ. ನೋಟು ಎಣಿಸಿ ಕೊಟ್ಟರೆ ಗೊತ್ತಾಗುತ್ತದೆ. ಲೆಕ್ಕ ಬರೆಯುವ ಕೆಲಸವನ್ನು ದೊಡ್ಡ ಮಗುವಿಗೆ ಕೊಡಿ. ಹತ್ತು ರೂಪಾಯಿಯ ಕಡಲೆಕಾಯಿ ತನಕ ಬರೆಯಲಿ. ಸಂಜೆ ಕೂಡಿ ಹೇಳಲಿ. ಆಮೇಲೆ ಆಟಿಕೆ ಬೇಕು ಅಂತ ಕೇಳುವಾಗ ಅವನೇ ಪುಸ್ತಕ ನೋಡಿ ಕೇಳುತ್ತಾನೆ.

ಈಗ ಮುಂದಿನ ಕೆಲಸ. ಈ ಸಭೆಯಿಂದ ಹೋದ ಮೇಲೆ ನಿಮ್ಮ ಸಂಘದಲ್ಲಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ಯಾರು ಎಲ್ಲಿಗೆ ಹೋಗಬೇಕು, ವಾರಕ್ಕೆ ಎಷ್ಟು ಹಾಕುತ್ತಾರೆ ಅಂತ. ಇನ್ನೊಂದರಲ್ಲಿ ಯಾರ ಮನೆಯ ಹಸು ಯಾರು ನೋಡುತ್ತಾರೆ ಅಂತ. ಎರಡನೇ ಪಟ್ಟಿ ಆಗದೆ ಮೊದಲನೆಯದಕ್ಕೆ ದುಡ್ಡು ಹಾಕಲು ಶುರು ಮಾಡಬೇಡಿ. ಜೂನ್ ಮೊದಲ ವಾರದ ಸಭೆಗೆ ಪ್ರೇರಕಿಯರು ಹೊಸ ಕಾಲಂ ಹಾಕಿದ ಪುಸ್ತಕ ತರುತ್ತಾರೆ. ನೀವು ಪಟ್ಟಿ ತನ್ನಿ, ಮೊದಲ ಕಂತಿನ ದುಡ್ಡೂ ತನ್ನಿ.